ನಾನು ಬಂಡೆ ಎಂದು ಬರೆದ ಕುಂಟೆ

ನಾನು ಉಪಗ್ರಹ ಹಾರಿಸಿದವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ದೊಡ್ಡಬಳ್ಳಾಪುರದ ನಮ್ಮ ಬೀದಿಯ ಮುಕ್ಕಾಲು ಜನ ಹಾಗೆಂದೇ ತಿಳಿದಿದ್ದಾರೆ. ನಾನು ಕೆಲಸ ಮಾಡಿದ್ದು ಬೆಂಗಳೂರಿನ ಒಂದು ನಕ್ಷೆ ಕಚೇರಿಯಲ್ಲಿ. ಉಪಗ್ರಹ ಮೇಲಿನಿಂದ ತೆಗೆದ ಚಿತ್ರಗಳು ಅಲ್ಲಿಗೆ ಬರುತ್ತಿದ್ದವು. ಅವನ್ನು ಭೂತಗನ್ನಡಿಯಲ್ಲಿ ನೋಡಿ, ಇದು ರಾಗಿ ಹೊಲ, ಇದು ನೀಲಗಿರಿ ತೋಪು, ಇದು ಕೆರೆ ಎಂದು ಗೆರೆ ಎಳೆಯುವುದು ನನ್ನ ಉದ್ಯೋಗ. ಮೂವತ್ತು ವರ್ಷಕ್ಕೂ ಮೇಲೆ ಅದನ್ನೇ ಮಾಡಿ ನಿವೃತ್ತನಾದೆ. ನಮ್ಮೂರಿನ ಶಾಲೆಯವರಿಗೆ ಈ ವ್ಯತ್ಯಾಸವೆಲ್ಲ ಬೇಕಿಲ್ಲ. ವರ್ಷಕ್ಕೊಮ್ಮೆ ಕರೆದು, ಶಾಲು ಹೊದಿಸಿ, ಒಂದು ಸೇಬು, ಎರಡು ಮೂಸಂಬಿ ಕೈಗಿಟ್ಟು "ನಮ್ಮೂರ ವಿಜ್ಞಾನಿಗಳು" ಎಂದು ಮೈಕಿನಲ್ಲಿ ಕೂಗುತ್ತಾರೆ. ನಾನೂ ಅಲ್ಲವೆಂದು ಹೇಳಿದವನಲ್ಲ. ಮನೆಯಲ್ಲಿ ಈಗ ಒಂಬತ್ತು ಶಾಲುಗಳಿವೆ. "ನೇಕಾರರ ಮನೆಗೆ ಪಾಲಿಯೆಸ್ಟರ್ ಶಾಲು ತರ್ತೀರಲ್ಲ, ನಾಚಿಕೆ ಆಗಲ್ವೇನ್ರೀ?" ಎಂದು ಹೆಂಡತಿ ಒಂಬತ್ತು ಸಲವೂ ಬೈದಿದ್ದಾಳೆ.

ನನ್ನ ಭಾಷಣ ಒಂಬತ್ತು ವರ್ಷದಿಂದಲೂ ಒಂದೇ. ಮೊಟ್ಟಮೊದಲ ಉಪಗ್ರಹ ರಷ್ಯಾದವರದು, ದೊಡ್ಡ ಕುಂಬಳಕಾಯಿಗಿಂತ ಒಂದಿಷ್ಟು ದಪ್ಪ, ನಾಲ್ಕು ಮೀಸೆ, ಬೀಪ್ ಬೀಪ್ ಎನ್ನುವುದು ಬಿಟ್ಟರೆ ಬೇರೆ ಕಸುಬಿಲ್ಲ. ಮೂರು ವಾರ ಹಾಗೇ ಅರಚಿ ಬ್ಯಾಟರಿ ಮುಗಿದು ಸುಮ್ಮನಾಯಿತು. ಅಷ್ಟಕ್ಕೇ ಅಮೆರಿಕದವರಿಗೆ ನಿದ್ದೆ ಹಾರಿಹೋಯಿತು. ಕೆಲವೇ ತಿಂಗಳಲ್ಲಿ ಅವರೂ ಒಂದನ್ನು ಹಾರಿಸಿದರು. ಅದರೊಳಗೆ ಆಕಾಶದ ಕಿರಣಗಳನ್ನು ಎಣಿಸುವ ಒಂದು ಯಂತ್ರವಿತ್ತು. ಒಂದು ಎತ್ತರ ದಾಟಿದ ಮೇಲೆ ಎಣಿಕೆ ಸೊನ್ನೆಗೆ ಬಂದು ನಿಂತಿತು. ಯಂತ್ರ ಕೆಟ್ಟಿತೇ ಎಂದು ತಲೆ ಕೆರೆದುಕೊಂಡರು. ಕೆಟ್ಟಿರಲಿಲ್ಲ. ಅಲ್ಲಿ ಕಿರಣಗಳು ಎಷ್ಟು ದಟ್ಟವಾಗಿದ್ದವೆಂದರೆ ಎಣಿಸಲು ಪುರುಸೊತ್ತು ಸಿಗದೆ ಅದು ಮೂಕಾಗಿತ್ತು, ಸಂತೆಯ ದಿನ ಟಿಕೆಟ್ ಹರಿಯಲಾಗದೆ ಕೈಚೆಲ್ಲಿ ಕೂತ ನಮ್ಮ ತಾಲ್ಲೂಕಿನ ಮಧುರೆ ಬಸ್ಸಿನ ಕಂಡಕ್ಟರನ ಹಾಗೆ. ಇಲ್ಲಿಗೆ ಮೊದಲ ಚಪ್ಪಾಳೆ.

ನಮ್ಮ ದೇಶದ ಮೊದಲನೆಯದು ಹುಟ್ಟಿದ್ದು ಬೆಂಗಳೂರಿನ ಅಂಚಿನಲ್ಲೇ, ಶೀಟು ಹೊದಿಸಿದ ಶೆಡ್ಡುಗಳಲ್ಲಿ. ಹಾರಿಸಿಕೊಟ್ಟವರು ರಷ್ಯಾದವರು. ಅದು ಕಳಿಸುವ ಸಿಗ್ನಲ್ ಹಿಡಿಯಲು ಜಾಗ ಸಾಲದೆ ಒಂದು ಕಕ್ಕಸುಮನೆಯನ್ನೇ ಖಾಲಿ ಮಾಡಿಸಿ ಯಂತ್ರ ಕೂರಿಸಿದ್ದರಂತೆ. ಐದು ದಿನವಾಗುವಷ್ಟರಲ್ಲಿ ಅದರ ಪ್ರಯೋಗಗಳಿಗೆ ಕರೆಂಟ್ ಹೋಯಿತು. ಈ ಮಾತಿಗೆ ನಮ್ಮೂರ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಮಗ್ಗ ಓಡುತ್ತಿರುವಾಗ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರಿನವರಿಗೆ ಇದಕ್ಕಿಂತ ಹತ್ತಿರದ ಬಾಹ್ಯಾಕಾಶ ಇನ್ನೊಂದಿಲ್ಲ. ಆಮೇಲೆ ಅದರ ಚಿತ್ರವನ್ನು ಎರಡು ರೂಪಾಯಿ ನೋಟಿನ ಬೆನ್ನಿಗೆ ಅಚ್ಚು ಹಾಕಿದರು. ನಮ್ಮಜ್ಜಿ ಅದನ್ನು ಸೊಂಟದ ಚೀಲದಲ್ಲಿ ಮಡಿಸಿಟ್ಟುಕೊಂಡು ಎಲೆಯಡಿಕೆ ಅಂಗಡಿಗೆ ಹೋಗುತ್ತಿದ್ದಳು. ಅದೇನೆಂದು ಅವಳು ಸಾಯುವವರೆಗೂ ಕೇಳಲಿಲ್ಲ.

ಅದರ ಬೆನ್ನಿಗೆ ಭೂಮಿಯನ್ನೇ ನೋಡಲೆಂದು ಇನ್ನೆರಡು ಹೋದವು. ಮೊದಲನೆಯದರ ಟಿವಿ ಕ್ಯಾಮೆರಾ ಹತ್ತಿರ ಹತ್ತಿರ ಒಂದು ವರ್ಷ ಕಣ್ಣೇ ಬಿಡಲಿಲ್ಲ. ಬಿಟ್ಟ ಮೇಲೂ ಒಂದು ಕಿಲೋಮೀಟರಿಗೆ ಒಂದು ಚುಕ್ಕೆ. ಅಂದರೆ ನಮ್ಮ ಊರೆಲ್ಲ ಸೇರಿ ನಾಲ್ಕೈದು ಚುಕ್ಕೆ. ಎಂಬತ್ತರ ದಶಕದ ಕೊನೆಗೆ ಮೂವತ್ತಾರು ಮೀಟರಿನ ಚೌಕವನ್ನೂ ಬೇರೆ ಮಾಡಿ ತೋರಿಸುವ ಉಪಗ್ರಹ ಮೇಲೇರಿತು. ನನ್ನಂಥವರಿಗೆ ಅನ್ನ ಸಿಕ್ಕಿದ್ದು ಅದರಿಂದ.

ಭಾಷಣದ ಕೊನೆಗೆ ಕರಡಿ. ಅಮೆರಿಕದ ಒಂದು ಉಪಗ್ರಹದ ಚಿತ್ರದಲ್ಲಿ ಕೆನಡಾದ ತೀರದಾಚೆ, ಯಾವ ನಕ್ಷೆಯಲ್ಲೂ ಇಲ್ಲದ ಪುಟ್ಟ ದ್ವೀಪವೊಂದು ಕಂಡಿತು. ನಿಜವೋ ಸುಳ್ಳೋ ನೋಡಬೇಕಲ್ಲ. ಹೆಲಿಕಾಪ್ಟರಿನಿಂದ ಒಬ್ಬನನ್ನು ಹಗ್ಗ ಕಟ್ಟಿ ಇಳಿಬಿಟ್ಟರು. ಅವನು ಇನ್ನೇನು ಕಾಲೂರಬೇಕು, ದ್ವೀಪದ ಮೇಲೆ ಕೂತಿದ್ದ ಹಿಮಕರಡಿ ಎದ್ದು ಪಂಜ ಬೀಸಿತು. ಮೇಲಕ್ಕೆ ಎಳೆಯಿರೋ ಎಂದು ಅವನು ಕಿರುಚಿಕೊಂಡ. ಆದರೂ ದ್ವೀಪ ಇರುವುದು ನಿಜ ಎಂದು ಖಾತ್ರಿಯಾಯಿತು. "ನೋಡಿ ಮಕ್ಕಳೇ," ಎಂದು ನಾನು ಗಂಟಲು ಸರಿಮಾಡಿಕೊಳ್ಳುತ್ತೇನೆ, "ಉಪಗ್ರಹ ಕಂಡರೆ ಸಾಲದು, ಮನುಷ್ಯ ಹೋಗಿ ನೋಡಿ ಬರಬೇಕು. ಇದಕ್ಕೆ ನಮ್ಮ ಕಚೇರಿಯಲ್ಲಿ ಗ್ರೌಂಡ್ ಟ್ರೂತ್ ಅಂತಾರೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮ ಹಿರಿಯರು ಹೇಳಿದ್ದೂ ಇದನ್ನೇ." ಹೆಡ್‌ಮಾಸ್ಟರ ಕಣ್ಣು ಒದ್ದೆಯಾಗುತ್ತದೆ. ಶಾಲು ಬರುತ್ತದೆ.

ಹೋದ ವರ್ಷ ಒಂಬತ್ತನೆಯ ಶಾಲು ಬಂದು ತಿಂಗಳಾಗಿತ್ತು. ಮಳೆ ಹಿಂದೆಗೆದಿತ್ತು. ಬೆಳಗಿನ ತಿಂಡಿ ಮುಗಿಸಿ ಕೂತಿದ್ದಾಗ ಐವತ್ತೈದರ ಆಜುಬಾಜಿನ ಒಬ್ಬ ಹೆಂಗಸು ಬಾಗಿಲಲ್ಲಿ ನಿಂತರು. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಗಿಣ್ಣದ ಹಾಲಿನ ಬಾಟಲಿ. ಹಸು ಈದಿತ್ತಂತೆ. ಬಾಟಲಿಯನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು ನನ್ನ ಕಡೆ ತಿರುಗಿದರು.

"ಮೇಲಿಂದ ಫೋಟೋ ತೆಗಿಯೋರು ನೀವೇನಾ ಸಾರ್?"

"ತೆಗಿಯೋನಲ್ಲಮ್ಮ, ತೆಗೆದಿದ್ದನ್ನ ನೋಡೋನು."

"ಯಾವ್ದೋ ಒಂದು. ಬಸ್‌ ಸ್ಟ್ಯಾಂಡ್ನಾಗೆ ಕೇಳಿದ್ರೆ ಸೀದಾ ನಿಮ್ಮನೆ ತೋರ್ಸಿದ್ರು. ನಿಮ್ಮನ್ನ ನಾನು ಮರ್ತಿಲ್ಲ ಸಾರ್. ಜೀಪ್ನಾಗೆ ನಮ್ಮೂರಿಗೆ ಬಂದಿದ್ರಿ. ಮಧುರೆ ಹತ್ರ. ನಾನಾಗ ಮದ್ವೆಯಾಗಿ ಬಂದು ಆರು ತಿಂಗ್ಳು. ನಿಮಗೆ ಮುದ್ದೆ ಬಡ್ಸಿದ್ದು ನಾನೇಯ. ಮೂರು ಉಂಡ್ರಿ."

ಹೆಂಡತಿ ಬಾಟಲಿ ಹಿಡಿದುಕೊಂಡೇ ನನ್ನ ಮುಖ ನೋಡಿದಳು. ಮನೆಯಲ್ಲಿ ಒಂದೇ ಮುದ್ದೆಗೆ ಸಾಕು ಸಾಕು ಎನ್ನುವವನು ನಾನು.

ಆ ಹೆಂಗಸು ಬ್ಯಾಗಿನಿಂದ ಒಂದು ಜೆರಾಕ್ಸ್ ತೆಗೆದು ಟೀಪಾಯಿಯ ಮೇಲಿಟ್ಟರು. ನೋಡಿದ ತಕ್ಷಣ ನನ್ನ ಕೈಬರಹ ಗೊತ್ತಾಯಿತು. ಮದುವೆಗೆ ಮುಂಚೆ ನಾನು ಸಹಿ ಹಾಕುತ್ತಿದ್ದ ರೀತಿಯೇ ಬೇರೆ, ಕೊನೆಯ ಅಕ್ಷರದ ಬಾಲವನ್ನು ಹಾವಿನಂತೆ ಹಿಂದಕ್ಕೆ ಎಳೆದು ಕೆಳಗೆ ಎರಡು ಚುಕ್ಕೆ ಇಡುತ್ತಿದ್ದೆ. ಎರಡು ಚುಕ್ಕೆಯೂ ಅಲ್ಲಿದ್ದವು. ಮೇಲೆ ಮೂರು ಸಾಲು. ಚಿತ್ರದಲ್ಲಿ ಕಂಡದ್ದು: ಕಪ್ಪು ಚುಕ್ಕೆ. ಸ್ಥಳದಲ್ಲಿ ಇರುವುದು: ಹುಟ್ಟುಬಂಡೆ, ಬಂಜರು. ಪರಿಶೀಲಿಸಿದ ರೀತಿ: ಖುದ್ದು ಭೇಟಿ.

"ಅದು ಬಂಡೆಯಲ್ಲ ಸಾರ್, ನಮ್ ಕುಂಟೆ," ಎಂದರು.

ವಿಷಯ ಇಷ್ಟು. ಆ ಊರಿನ ಗೋಮಾಳದ ಮಧ್ಯೆ ಮಳೆನೀರು ನಿಲ್ಲಲೆಂದು ಹಿಂದಿನವರು ತೋಡಿದ್ದ ಒಂದು ಕುಂಟೆಯಿತ್ತು. ಹಳ್ಳಿ ನಕ್ಷೆಯಲ್ಲಿ ಅದಕ್ಕೆ ಬೇರೆ ಗುರುತಿರಲಿಲ್ಲ, ಗೋಮಾಳ ಎಂದಷ್ಟೇ ಇತ್ತು. ಗೋಮಾಳದ ಆ ಭಾಗ ಹೇಗೋ ಕೈ ಬದಲಾಯಿಸಿ ಒಂದು ಲೇಔಟಿನವರ ಪಾಲಿಗೆ ಹೋಗಿತ್ತು. ಅವರು ಟಿಪ್ಪರುಗಳಲ್ಲಿ ಮಣ್ಣು ತಂದು ಸುರಿಯತೊಡಗಿದ್ದರು. ಅರ್ಧ ಕುಂಟೆ ಆಗಲೇ ಮುಚ್ಚಿತ್ತು. ಅದು ಮುಚ್ಚುತ್ತ ಬಂದ ಹಾಗೆ ಇವರ ಬೋರ್‌ವೆಲ್ಲು ನೀರಿನ ಜೊತೆ ಗಾಳಿ ಕಕ್ಕತೊಡಗಿತ್ತು. ಇವರಿಗೆ ಆರು ಹಸು. ಮನೆ ನಡೆಯುವುದು ಡೈರಿಗೆ ಹಾಕುವ ಹಾಲಿನಿಂದ. ಊರಿನವರು ದೂರು ಕೊಟ್ಟರೆ ಲೇಔಟಿನವರು ಸರ್ಕಾರದ ನಕ್ಷೆಯನ್ನೇ ತೆಗೆದು ತೋರಿಸಿದರು. ಇಲ್ಲಿ ಕುಂಟೆ ಎಲ್ಲಿದೆ, ಬಂಡೆ ಎಂದಿದೆ, ಮಳೆ ಬಂದಾಗ ಬಂಡೆಯ ಮೇಲೆ ನೀರು ನಿಲ್ಲುತ್ತದೆ ಅಷ್ಟೆ ಎಂದರು. ಆ ನಕ್ಷೆಯ ಬೇರು ಎಲ್ಲಿದೆ ಎಂದು ಊರಿನವರು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಹುಡುಕಿಸಿದಾಗ ಸಿಕ್ಕಿದ್ದು ಈ ಜೆರಾಕ್ಸು.

"ಸೋಮವಾರ ತಾಲ್ಲೂಕ್ ಆಫೀಸ್ನಾಗೆ ವಿಚಾರಣೆ ಐತೆ. ನೀವು ಬಂದು ಒಂದ್ ಮಾತು ಹೇಳ್ಬೇಕು. ನಾನು ಅವತ್ತು ಹೋಗಿ ನೋಡ್ಲಿಲ್ಲ ಅಂತ. ನೀವು ಜಗಲಿ ಬಿಟ್ಟು ಎದ್ದೇ ಇಲ್ವಲ್ಲ ಸಾರ್."

ಎದ್ದಿರಲಿಲ್ಲ. ಆ ದಿನ ನನಗೆ ಚೆನ್ನಾಗಿ ನೆನಪಿದೆ, ಮರೆಯಲು ಮೂವತ್ತೈದು ವರ್ಷ ಪ್ರಯತ್ನಪಟ್ಟದ್ದೂ ನೆನಪಿದೆ. ಅವರೆಕಾಯಿ ಕಾಲ. ನಾನು ಮತ್ತು ಡ್ರೈವರ್, ಒಂದು ಜೀಪು, ಚಿತ್ರದ ಮೇಲೆ ಸುತ್ತು ಹಾಕಿದ ಇಪ್ಪತ್ತು ಜಾಗಗಳು. ಪ್ರತಿಯೊಂದಕ್ಕೂ ಹೋಗಿ ನಿಂತು, ಏನಿದೆ ಎಂದು ನೋಡಿ ಬರೆಯಬೇಕು. ಮೊದಲ ಮೂರು ದಿನ ಹದಿಮೂರು ಜಾಗಗಳಿಗೆ ಪ್ರಾಮಾಣಿಕವಾಗಿ ಹೋದೆ. ದೇವನಹಳ್ಳಿ ಕಡೆಯ ನಲ್ಲೂರಿನ ಹುಣಸೆತೋಪಿಗಂತೂ ಎರಡು ಸಲ ಹೋದೆ, ನೆರಳು ಚೆನ್ನಾಗಿತ್ತು. ಹದಿನಾಲ್ಕನೆಯದು ಈ ಊರು. ಚಿತ್ರದಲ್ಲಿ ಸಾಸಿವೆ ಕಾಳಿನಷ್ಟು ಒಂದು ಕಪ್ಪು ಚುಕ್ಕೆ. ಮಟಮಟ ಮಧ್ಯಾಹ್ನ ಜೀಪು ನಿಂತಾಗ ಮನೆಯ ಯಜಮಾನರು, ಅಂದರೆ ಈ ಹೆಂಗಸಿನ ಮಾವ, ಟವೆಲ್ ಕೊಡವುತ್ತ ಬಂದರು.

ಆ ಕಾಲದಲ್ಲಿ ನಮ್ಮ ಕಡೆ ಹಳ್ಳಿಗಳಲ್ಲಿ ಒಂದು ಕಟ್ಟಳೆಯಿತ್ತು. ಕಾಗದ ಹಿಡಿದು ಯಾರೇ ಬಂದರೂ ಹೊಟ್ಟೆ ತುಂಬ ಊಟ ಹಾಕುವುದು, ಏನೇ ಕೇಳಿದರೂ ಇಲ್ಲ ಎನ್ನುವುದು. ಬಾವಿ? ಬತ್ತಿಹೋಗಿದೆ. ಹಸು? ಎರಡೇ. ಗಂಡುಮಕ್ಕಳು? ಊರಲ್ಲಿಲ್ಲ. ಇದೆ ಎಂದರೆ ಸರ್ಕಾರ ಬರೆದುಕೊಳ್ಳುತ್ತದೆ, ಬರೆದುಕೊಂಡರೆ ತೆಗೆದುಕೊಳ್ಳುತ್ತದೆ ಎಂಬುದು ಅವರ ಲೆಕ್ಕಾಚಾರ. ಅದನ್ನು ಪೆದ್ದುತನ ಎನ್ನಲಾರೆ. ಅವರು ಕಂಡ ಸರ್ಕಾರ ಅಂಥದ್ದೇ ಇತ್ತು.

"ಆ ಕಡೆ ಕಪ್ಪಗೆ ಇರೋದು ಏನು ಯಜಮಾನ್ರೇ?" ಎಂದು ಕೇಳಿದೆ.

"ಅದಾ? ಹುಟ್ಟುಬಂಡೆ ಸ್ವಾಮಿ. ಅಲ್ಲೇನೈತೆ ಮಣ್ಣು. ಬನ್ನಿ, ಕೈಕಾಲು ತೊಳ್ಕಳಿ, ಅವರೆಕಾಳು ಸಾರೈತೆ."

ಸೊಗಡು ಅವರೆ. ತುಪ್ಪ ಬೇರೆ. ಮೂರು ಮುದ್ದೆ ಇಳಿಸಿದ ಮೇಲೆ ಜಗಲಿಯ ಮೇಲೆ ಒರಗಿದೆ. ಎದುರಿಗೆ ನಾಲ್ಕು ಎಮ್ಮೆಗಳು ಸಾಲಾಗಿ ಬಂದವು, ಆ ಬಂಡೆಯ ಕಡೆಯಿಂದಲೇ. ಹೊಟ್ಟೆಯವರೆಗೂ ಕೆಸರು, ಬಾಲದಿಂದ ನೀರು ತೊಟ್ಟಿಕ್ಕುತ್ತಿತ್ತು. ಬಂಡೆಯ ಮೇಲೆ ಹೊರಳಿದ ಎಮ್ಮೆ ಹೀಗೆ ಬರುವುದಿಲ್ಲ ಎಂಬುದು ಮೂರು ವರ್ಷದ ಮಗುವಿಗೂ ಗೊತ್ತು. ನನಗೆ ಭೂಗೋಳದಲ್ಲಿ ಪದವಿಯಿತ್ತು.

"ಗುರು, ಆ ಬಂಡೆ ನೋಡ್ಕೊಂಡು ಬರೋಣ್ವಾ?" ಎಂದು ಡ್ರೈವರ್ ಕೇಳಿದ. ಅವನಿಗೆ ಎಮ್ಮೆ ಕಂಡಿತ್ತು ಎಂದೇ ನನ್ನ ಅನುಮಾನ.

"ಬಂಡೆ ಎಲ್ಲಿಗೂ ಓಡಿಹೋಗಲ್ಲ, ಮಲ್ಗೋ," ಎಂದೆ.

ಸಂಜೆ ಜೀಪು ಹತ್ತುವ ಮೊದಲು ಬೋನೆಟ್ಟಿನ ಮೇಲೆ ಫಾರಂ ಇಟ್ಟು ಬರೆದೆ. ಎರಡು ಚುಕ್ಕೆ ಇಟ್ಟೆ. ಕೈ ಕೆಸರಾಗದೆಯೇ ಬಾಯಿ ಮೊಸರಾದ ದಿನ ಅದು.

ಇನ್ನೊಂದು ವಿಷಯ ಹೇಳಬೇಕು, ಇಲ್ಲದಿದ್ದರೆ ನನ್ನ ತಪ್ಪಿನ ಅಳತೆ ತಿಳಿಯುವುದಿಲ್ಲ. ನಮ್ಮಪ್ಪ ಸೀರೆಯ ಅಂಚಿಗೆ, ಸೆರಗಿಗೆ ನಕ್ಷೆ ಬರೆಯುತ್ತಿದ್ದವರು. ಗ್ರಾಫ್ ಹಾಳೆಯ ಒಂದು ಚೌಕ ಅಂದರೆ ಒಂದು ಎಳೆ. ಚೌಕ ತುಂಬಿದ್ದರೆ ಮಗ್ಗದ ಜಕಾರ್ಡ್ ಯಂತ್ರಕ್ಕೆ ಹಾಕುವ ರಟ್ಟಿನಲ್ಲಿ ತೂತು, ಖಾಲಿಯಿದ್ದರೆ ಇಲ್ಲ. ಆ ರಟ್ಟಿನ ಸರಪಳಿ ಮಗ್ಗದ ಮೇಲೆ ತಿರುಗುತ್ತ ಯಾವ ಎಳೆ ಏಳಬೇಕು ಎಂದು ಹೇಳುತ್ತದೆ. ಚಿಕ್ಕಂದಿನಿಂದ ಚೌಕ ನೋಡಿ ನೋಡಿ ಅಭ್ಯಾಸವಾಗಿದ್ದ ನನಗೆ ಉಪಗ್ರಹದ ಚಿತ್ರ ಹೊಸದೆನಿಸಲೇ ಇಲ್ಲ, ಅದೂ ಚೌಕಗಳೇ. ಒಮ್ಮೆ, ನಾನಿನ್ನೂ ಹೈಸ್ಕೂಲಿನಲ್ಲಿದ್ದಾಗ, ರಟ್ಟಿನಲ್ಲಿ ಒಂದೇ ಒಂದು ತೂತು ತಪ್ಪಾಗಿ ಹೊಡೆದಿದ್ದೆ. ಹಂಸದ ಕಣ್ಣು ಕೊಕ್ಕಿನ ಮೇಲೆ ಬಂತು. ಒಂದು ಹಂಸದ್ದಲ್ಲ, ಆ ಅಂಚಿನ ಅಷ್ಟೂ ಹಂಸಗಳದ್ದು, ಆ ರಟ್ಟಿನಲ್ಲಿ ನೇಯ್ದ ಅಷ್ಟೂ ಸೀರೆಗಳದ್ದು. ಅಪ್ಪ ಹೊಡೆಯಲಿಲ್ಲ. "ಎಳೆ ತಪ್ಪಿದ್ರೆ ಒಂದು ಸೀರೆ ಕೆಡ್ತದೆ. ರಟ್ಟು ತಪ್ಪಿದ್ರೆ ಊರೆಲ್ಲ ಉಟ್ಕೊಂಡು ಓಡಾಡ್ತದೆ ಕಣೋ," ಎಂದರು.

ನನ್ನ ಫಾರಮ್ಮೂ ರಟ್ಟೇ. ಅದನ್ನು ನೋಡಿ ಒಂದು ನಕ್ಷೆ ಮಾಡಿದರು. ಆ ನಕ್ಷೆಯನ್ನು ನೋಡಿ ಬಂಜರುಭೂಮಿಯ ನಕ್ಷೆ ಮಾಡಿದರು. ಅದನ್ನು ನೋಡಿ ತಾಲ್ಲೂಕಿನದು. ಆಮೇಲೆ ಕಂಪ್ಯೂಟರ್ ಬಂತು, ಹಳೆಯದನ್ನೆಲ್ಲ ಅದರೊಳಗೆ ತುಂಬಿದರು. ಪ್ರತಿ ಸಲವೂ ಕೆಳಗೆ ಒಂದು ಸಾಲು ಸೇರಿಸುತ್ತ ಹೋದರು: ಸ್ಥಳದಲ್ಲಿ ಪರಿಶೀಲಿಸಿದ್ದು. ಉಪಗ್ರಹ ಅಷ್ಟೆತ್ತರದಿಂದ ಸರಿಯಾಗಿಯೇ ಕಂಡಿತ್ತು. ಒಂದು ಜಗಲಿಯ ಎತ್ತರದಿಂದ ನಾನು ಅದನ್ನು ತಿದ್ದಿದ್ದೆ.

ಆ ಹೆಂಗಸಿಗೆ ನಾನು ಅವತ್ತು ಏನೂ ಮಾತು ಕೊಡಲಿಲ್ಲ. ನೋಡೋಣ ಎಂದೆ. ಹಳೆಯ ಚಿತ್ರದ ಒಂದು ಪ್ರಿಂಟು ಮಂಚದಡಿಯ ಟ್ರಂಕಿನಲ್ಲಿತ್ತು, ಅದನ್ನು ತೆಗೆದು ತೋರಿಸಿದೆ. "ಇದೇನ್ ಸಾರ್, ಊರೆಲ್ಲ ರಕ್ತ ಚೆಲ್ಲಿದಂಗೈತೆ?" ಎಂದರು. ಎಲೆಗಳು ನಮ್ಮ ಕಣ್ಣಿಗೆ ಕಾಣದ ಒಂದು ಬೆಳಕನ್ನು ಜೋರಾಗಿ ಮೇಲಕ್ಕೆ ಎರಚುತ್ತವೆ, ಅದನ್ನು ಕಾಗದದ ಮೇಲೆ ಕಾಣಿಸಲು ಕೆಂಪು ಬಳಿಯುತ್ತಾರೆ, ನೀರು ಆ ಬೆಳಕನ್ನು ನುಂಗಿಬಿಡುತ್ತದೆ, ಅದಕ್ಕೇ ಕಪ್ಪು ಎಂದು ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. "ಹಂಗಾರೆ ನಿಮ್ಗೆ ಅವತ್ತೇ ಗೊತ್ತಿತ್ತು," ಎಂದರು.

ಅವರು ಹೋದ ಮೇಲೆ ಹೆಂಡತಿ ಗಿಣ್ಣು ಕಾಯಿಸಲು ಇಟ್ಟಳು. ನಾನು ಸುಮ್ಮನೆ ಕೂರಲಾರದೆ ನನ್ನ ವಾದ ಶುರುಮಾಡಿದೆ. ಹಳೆಯ ಕಾಲದ್ದು, ತಪ್ಪು ಅವರ ಮಾವನದ್ದೂ ಇದೆ, ನಾನು ಹೋಗಿ ಸುಳ್ಳು ಬರೆದೆ ಎಂದು ಒಪ್ಪಿಕೊಂಡರೆ ನಾಳೆ ಶಾಲೆಯವರ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ, ನನ್ನ ಮೂವತ್ತು ವರ್ಷದ ಕೆಲಸವನ್ನೆಲ್ಲ ಜನ ಅನುಮಾನದಿಂದ ನೋಡುವುದಿಲ್ಲವೇ ಎಂದೆ. ಅವಳು ಸೌಟು ಕೆಳಗಿಡಲಿಲ್ಲ.

"ಮದ್ವೆಯಾದಾಗಿಂದ ನಿಮ್ ಕರಡಿ ಕತೆ ಕೇಳಿದೀನಿ. ಅವನಿಗೆ ಕರಡಿ ಅಡ್ಡ ಬಂತು. ನಿಮಗೇನ್ರೀ ಅಡ್ಡ ಬಂದಿತ್ತು, ಎಮ್ಮೇನಾ?" ಎಂದಳು. ಎಮ್ಮೆಯ ವಿಷಯ ನಾನೇ ಯಾವತ್ತೋ ಹೇಳಿ ನಕ್ಕಿದ್ದೆನಂತೆ. ಹೊಸದಾಗಿ ಮದುವೆಯಾದವರು ಹೇಳಬಾರದ್ದನ್ನೆಲ್ಲ ಹೇಳಿಬಿಡುತ್ತಾರೆ. ಒಲೆ ಆರಿಸಿ ಅವಳೇ ಮೆಲ್ಲಗೆ, "ಉಂಡ ಮನೆಗೆ ಎರಡು ಬಗೀಬಾರ್ದು," ಎಂದಳು. ಆ ಮಾತು ನಾಟಿತು. ನನಗೆ ನಾಚಿಕೆಯಾಯಿತು. ಬೇರೆ ಯಾವ ಪದವೂ ಇದಕ್ಕೆ ಬೇಡ.

ಸೋಮವಾರ ತಾಲ್ಲೂಕು ಕಚೇರಿಗೆ ಹೋದೆ. ತಹಶೀಲ್ದಾರರು ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಲೇಔಟಿನವರ ಪರವಾಗಿ ಒಬ್ಬ ವಕೀಲರು ಬಂದಿದ್ದರು. ಆ ಹೆಂಗಸು ಗೋಡೆಗೆ ಒರಗಿ ನಿಂತಿದ್ದರು. ನಾನು ಎದ್ದು ನಿಂತು, ಈ ಸಹಿ ನನ್ನದೇ, ನಾನು ಆ ಜಾಗಕ್ಕೆ ಹೋಗಲಿಲ್ಲ, ಮುದ್ದೆ ಉಂಡು ಮಲಗಿದ್ದೆ, ಯಜಮಾನರು ಬಂಡೆ ಎಂದರು, ಬಂಡೆ ಎಂದು ಬರೆದೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಬರೆದುಕೊಳ್ಳುತ್ತಿದ್ದ ಗು‍ಮಾಸ್ತರು ತಲೆಯೆತ್ತಿ, "ಮುದ್ದೆನೂ ಬರ್ಕೊಳ್ಳಾ ಮೇಡಂ?" ಎಂದು ಕೇಳಿದರು.

ವಕೀಲರು ಬಹಳ ಮರ್ಯಾದೆಯಿಂದ ಎದ್ದರು. "ಮೇಡಂ, ಹಿರಿಯರು ಅವತ್ತು ಸರ್ಕಾರಿ ದಾಖಲೇಲಿ ಸುಳ್ಳು ಬರೆದೆ ಅಂತ ತಾವೇ ಹೇಳ್ತಿದಾರೆ. ಅವತ್ತು ಸಂಬಳ ತಗೊಂಡು ಸುಳ್ಳು ಹೇಳಿದೋರು ಇವತ್ತು ನಿಜ ಹೇಳ್ತಿದಾರೆ ಅಂತ ಹೇಗೆ ನಂಬೋದು?"

ತಹಶೀಲ್ದಾರರು ನನ್ನ ಕಡೆ ನೋಡಿದರು. ನ್ಯಾಯವಾದ ಪ್ರಶ್ನೆ. ಇಷ್ಟು ವರ್ಷ ಬಚ್ಚಿಟ್ಟುಕೊಂಡಿದ್ದ ಸತ್ಯವನ್ನು ತಂದು ಮೇಜಿನ ಮೇಲಿಟ್ಟರೆ ಅದಕ್ಕೆ ಮೂರು ಕಾಸಿನ ಬೆಲೆಯಿಲ್ಲ ಎಂದು ನನಗೆ ಹೊಳೆದೇ ಇರಲಿಲ್ಲ.

"ನನ್ನನ್ನ ನಂಬಬೇಡಿ ಮೇಡಂ," ಎಂದೆ. "ಉಪಗ್ರಹನ ನಂಬಿ. ಅದು ಮುದ್ದೆ ತಿನ್ನಲ್ಲ."

ಆ ಹೆಂಗಸು ಮನೆಗೆ ಬಂದುಹೋದ ಮೇಲಿನ ನಾಲ್ಕು ದಿನ ನಾನು ಸುಮ್ಮನೆ ಕೂತಿರಲಿಲ್ಲ. ಹಳೆಯ ಉಪಗ್ರಹಗಳ ಚಿತ್ರಗಳು ಈಗ ಕಂಪ್ಯೂಟರಿನಲ್ಲಿ ಪುಕ್ಕಟೆ ಸಿಗುತ್ತವೆ. ನಾನು ಜಗಲಿಯಲ್ಲಿ ಮಲಗಿದ್ದ ಕಾಲದಲ್ಲಿ ಅಮೆರಿಕದ ಒಂದು ಉಪಗ್ರಹವೂ ಎರಡು ವಾರಕ್ಕೊಮ್ಮೆ ನಮ್ಮ ತಾಲ್ಲೂಕಿನ ಮೇಲೆ ಹಾದುಹೋಗುತ್ತಿತ್ತು. ಅದರ ಚಿತ್ರಗಳಲ್ಲಿ ಬೇರೆ ಬೇರೆ ತಿಂಗಳಿನ ಆರನ್ನು ಆರಿಸಿ, ನಮ್ಮ ಬೀದಿಯ ಫ್ಲೆಕ್ಸ್ ಅಂಗಡಿಯಲ್ಲಿ ಸೀರೆಯ ಸೆರಗಿನಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿದ್ದೆ. ಮೇಜಿನ ಮೇಲೆ ಹರಡಿದೆ. ಮಳೆ ಮುಗಿದ ಕೂಡಲೇ ತೆಗೆದದ್ದರಲ್ಲಿ ಕಪ್ಪು ಚೌಕಗಳು ಹತ್ತು. ಸಂಕ್ರಾಂತಿಯ ಹೊತ್ತಿಗೆ ಏಳು. ಯುಗಾದಿಗೆ ಮೂರು. ಮತ್ತೆ ಮಳೆ ಬಂದ ಮೇಲೆ ಹತ್ತು.

"ಮಳೆಗಾಲದಲ್ಲಿ ಊದಿಕೊಂಡು ಬೇಸಿಗೇಲಿ ಒಣಗೋ ಬಂಡೇನ ವಕೀಲರು ಎಲ್ಲಾದ್ರೂ ನೋಡಿದ್ರೆ ಹೇಳಲಿ. ನಾನು ನೋಡಿಲ್ಲ," ಎಂದೆ.

ವಕೀಲರು ಸೋಲುವವರಲ್ಲ. ಬಂಡೆಯ ಮೇಲಿನ ತಗ್ಗಿನಲ್ಲಿ ಮಳೆನೀರು ನಿಂತರೂ ಹೀಗೇ ಕಾಣುತ್ತದೆ ಎಂದರು. ಅದೂ ಸುಳ್ಳಲ್ಲ. ಚಿತ್ರ ನೀರು ಎನ್ನುತ್ತದೆ, ನೀರಿನ ತಳದಲ್ಲಿ ಏನಿದೆ ಎನ್ನುವುದಿಲ್ಲ. ತಹಶೀಲ್ದಾರರು ಆರೂ ಚಿತ್ರಗಳನ್ನು ಇನ್ನೊಂದು ಸಲ ನೋಡಿ, ನಾಳೆ ಬೆಳಿಗ್ಗೆ ಸರ್ವೆಯರ್ ಸ್ಥಳಕ್ಕೆ ಹೋಗಲಿ, ಎರಡೂ ಕಡೆಯವರು ಹಾಜರಿರಲಿ ಎಂದು ಬರೆಸಿದರು.

ಮಾರನೆಯ ದಿನ ಮೊದಲ ಬಾರಿಗೆ ನಾನು ಹದಿನಾಲ್ಕನೆಯ ಜಾಗಕ್ಕೆ ಹೋದೆ. ಆ ಜಗಲಿಯಿಂದ ಅದು ಎಷ್ಟು ದೂರ ಗೊತ್ತೇ? ಒಂದು ಬೀಡಿ ಹಚ್ಚಿದರೆ ಮುಗಿಯುವುದಕ್ಕೆ ಮುಂಚೆ ತಲುಪಬಹುದು. ಒಂದು ಕಡೆ ಟಿಪ್ಪರುಗಳು ಸುರಿದ ಕೆಂಪು ಮಣ್ಣಿನ ದಿಬ್ಬ, ಅದರ ಮೇಲೆ ಸೈಟಿನ ಕಲ್ಲುಗಳು. ಇನ್ನೊಂದು ಕಡೆ ಇನ್ನೂ ನೀರು, ಅಂಚಿನಲ್ಲಿ ಜೊಂಡು, ನಡುವೆ ಎರಡು ಬೆಳ್ಳಕ್ಕಿ. ಸರ್ವೆಯರ್ ಇನ್ನೂ ಮೂವತ್ತು ದಾಟದವರು, ಹೊಸ ಬಿಳಿ ಷೂ ಹಾಕಿಕೊಂಡು ಬಂದಿದ್ದರು. ನೀರಿನ ಅಂಚಿನಲ್ಲಿ ನಿಂತು ಟ್ಯಾಬ್ ಹಿಡಿದು ಫೋಟೋ ತೆಗೆದರು. "ನೀರೇನೋ ಇದೆ ಸಾರ್. ಕೆಳಗೆ ಬಂಡೆನೋ ಹೂಳೋ ಇಲ್ಲಿಂದ ಗೊತ್ತಾಗಲ್ಲ," ಎಂದರು. ಅವರು ತಮ್ಮ ಷೂ ನೋಡಿಕೊಂಡರು, ವಕೀಲರು ಆಕಾಶ ನೋಡಿದರು.

ನಾನು ಚಪ್ಪಲಿ ಬಿಟ್ಟು, ಪ್ಯಾಂಟು ಮಡಿಸಿ ಇಳಿದುಬಿಟ್ಟೆ.

"ಸಾರ್, ವಯಸ್ಸಾಗಿದೆ ನಿಮ್ಗೆ, ಬೇಡ ಬನ್ನಿ," ಎಂದು ಸರ್ವೆಯರ್ ಕೂಗಿದರು. ನಾಲ್ಕು ಹೆಜ್ಜೆ ಹೋದೆ. ನೀರು ಮೊಣಕಾಲಿಗೆ ಬಂತು. ಐದನೆಯ ಹೆಜ್ಜೆಗೆ ಕಾಲು ಹೂತಿತು. ತಣ್ಣಗೆ, ಮೆತ್ತಗೆ, ಎಷ್ಟೋ ತಲೆಮಾರಿನ ಸಗಣಿ, ಎಲೆ, ಮಣ್ಣು ಕೊಳೆತ ಹೂಳು. ಎಡಗಾಲು ಎತ್ತಲು ಹೋದರೆ ಬಲಗಾಲು ಇನ್ನಷ್ಟು ಇಳಿಯಿತು. ತೊಡೆಯವರೆಗೂ ಹೋಗಿ ನಿಂತೆ. ಅಲ್ಲಾಡಲಾಗಲಿಲ್ಲ.

"ಬಂಡೆ ಸಿಕ್ತಾ ಸಾರ್?" ಎಂದು ಆ ಹೆಂಗಸು ದಡದಿಂದ ಕೇಳಿದರು. ಅವರ ಮುಖದಲ್ಲಿ ಒಂದು ಚೂರೂ ನಗುವಿರಲಿಲ್ಲ.

"ಇಲ್ಲಮ್ಮ."

"ಇನ್ನೊಸಿ ಕೆಳೀಕ್ ನೋಡಿ."

ನನ್ನನ್ನು ಈಚೆಗೆ ಎಳೆಯಲು ಸರ್ವೆಯರ್ ತಮ್ಮ ಬಿಳಿ ಷೂ ಸಮೇತ ಇಳಿಯಬೇಕಾಯಿತು. ಆ ಹೆಂಗಸು ಹಸು ಕಟ್ಟುವ ಹಗ್ಗ ತಂದರು. ವಕೀಲರೂ ಒಂದು ಕೈ ಕೊಟ್ಟರು, ಪಾಪ, ಮನುಷ್ಯರು ಕೆಟ್ಟವರಲ್ಲ. ದಡಕ್ಕೆ ಬಂದು ಬಿದ್ದಾಗ ಸೊಂಟದಿಂದ ಕೆಳಗೆ ನಾನು ಕಪ್ಪಗಿದ್ದೆ. ಸರ್ವೆಯರ್ ಏದುಸಿರು ಬಿಡುತ್ತ ಟ್ಯಾಬ್ ಒರೆಸಿಕೊಂಡು ಬರೆದರು: ನೀರಿನ ಕೆಳಗೆ ತೊಡೆಮಟ್ಟದ ಹೂಳು, ಬಂಡೆ ಇಲ್ಲ, ಹಳೆಯ ಕುಂಟೆ. ಬರೆದದ್ದನ್ನು ಗಟ್ಟಿಯಾಗಿ ಓದಿದರು. ಅದನ್ನು ಕೇಳಿ ನನಗೆ ಅಳು ಬಂತು. ಕೆಸರಿನ ಕೈಯಲ್ಲಿ ಮುಖ ಒರೆಸಿಕೊಂಡಿದ್ದರಿಂದ ಯಾರಿಗೂ ತಿಳಿಯಲಿಲ್ಲ.

ಎರಡು ವಾರಕ್ಕೆ ತಹಶೀಲ್ದಾರರ ಆದೇಶ ಬಂತು. ಮಣ್ಣು ಸುರಿಯುವುದು ನಿಂತಿತು, ಉಳಿದ ನೀರು ಉಳಿಯಿತು. ಸುರಿದ ಮಣ್ಣನ್ನು ತೆಗೆಸುವ ಬಗ್ಗೆ ಪ್ರತ್ಯೇಕವಾಗಿ ಪರಿಶೀಲಿಸಲಾಗುವುದು ಎಂದು ಕೊನೆಯಲ್ಲಿತ್ತು. ಮೂವತ್ತು ವರ್ಷ ಸರ್ಕಾರಿ ಕಾಗದ ಓದಿದವನಿಗೆ ಆ ಸಾಲಿನ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಆದೇಶದ ಪ್ರತಿ ತಗೊಂಡು ಹೆಂಡತಿಯ ಜೊತೆ ಆ ಊರಿಗೆ ಹೋದೆ. ಗೆದ್ದವನಂತೆಯೇ ಹೋದೆ ಎಂದು ಒಪ್ಪಿಕೊಳ್ಳುತ್ತೇನೆ.

ಆ ಹೆಂಗಸು ಆದೇಶವನ್ನು ಅಕ್ಷರ ಅಕ್ಷರ ಓದಿ ಮಡಿಸಿಟ್ಟರು. "ಈಗ ಮೇಲಿಂದ ಕಾಣ್ತದಾ?" ಎಂದು ಕೇಳಿದರು. ಈಗಿನ ಉಪಗ್ರಹಗಳಿಗೆ ಹಸು ಕೂಡ ಕಾಣುತ್ತದೆ ಎಂದು ಬೀಗುತ್ತ ಮೊಬೈಲಿನಲ್ಲಿ ಅವರ ಊರನ್ನು ತೆಗೆದು ದೊಡ್ಡದು ಮಾಡಿ ಕೊಟ್ಟೆ. ಅವರ ಮನೆಯ ಹೆಂಚು, ಕೊಟ್ಟಿಗೆ, ಅದರಾಚೆ ಕುಂಟೆ. ಒಂದು ಕಡೆ ಕಪ್ಪು, ಇನ್ನೊಂದು ಕಡೆ ಕೆಂಪು ಮಣ್ಣಿನ ಮೇಲೆ ಗೀಚಿದ ರಸ್ತೆಗಳು. ಅವರು ಬೆರಳಿನಿಂದ ಕಪ್ಪನ್ನೂ ಕೆಂಪನ್ನೂ ಅಳೆದು ನೋಡಿದರು.

"ಅರ್ಧ ಐತೆ," ಎಂದರು.

"ಅರ್ಧ ಇದೆಯಮ್ಮ."

"ನಮ್ ಮಾವ ಒಂದ್ ಸುಳ್ಳು ಹೇಳಿದ್ರು, ನೀವು ಅದ್ನ ಬರ್ದ್ರಿ. ಇಬ್ರೂ ಸೇರ್ಕೊಂಡು ಈ ಅರ್ಧ ನುಂಗಿದ್ರಿ." ಬೈಗುಳದ ದನಿಯಿರಲಿಲ್ಲ, ಹಾಲು ಅಳೆಯುವಾಗಿನ ದನಿ. ಮೊಬೈಲನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗೆ ವಾಪಸ್ಸು ಕೊಟ್ಟರು.

"ಮಾವ ಹೋಗ್ಬುಟ್ರು. ನೀವಿನ್ನೂ ಇದ್ದೀರಲ್ಲಣ್ಣ, ಇನ್ನರ್ಧ ತೆಗೆಸ್ಕೊಡಿ."